ಪಿವಿಸಿ ಕೈ ಎಲುಬಿನ ಮಾದರಿ: ಕೊಳ್ಳುವ ಮುನ್ನ ಮುಂಗೈ ತಿರುಗಿಸಿ ನೋಡಿ

ಮಡಿಕೇರಿಯ ವೈದ್ಯಕೀಯ ಕಾಲೇಜಿಗೋ ನರ್ಸಿಂಗ್ ಕೋರ್ಸಿಗೋ ಸೇರಿದವರನ್ನು ಮೊದಲ ವಾರದಲ್ಲೇ ಕಾಡುವುದು ದಿಕ್ಕಿನ ಪದಗಳು: ಪ್ರಾಕ್ಸಿಮಲ್ (ಬುಡಕ್ಕೆ ಹತ್ತಿರ), ಡಿಸ್ಟಲ್ (ಬುಡದಿಂದ ದೂರ), ಮೀಡಿಯಲ್ (ಮೈಯ ನಡುಗೆರೆಯ ಕಡೆ), ಲ್ಯಾಟರಲ್ (ನಡುಗೆರೆಯಿಂದ ಹೊರಗಡೆ). ಇವನ್ನು ಕಲಿಯಲು ಆಳಿನ ಅಳತೆಯ ಪಿವಿಸಿ ಕೈ ಮಾದರಿಯಷ್ಟು ಉಪಯುಕ್ತ ವಸ್ತು ಇನ್ನೊಂದಿಲ್ಲ. ಹೆಗಲಿನ ಎರಡು ಎಲುಬೂ ಸೇರಿ ಅದರಲ್ಲಿ 32 ಎಲುಬು ಇರಬೇಕು. ಮಣಿಕಟ್ಟಿನಲ್ಲಿ 8 ಇವೆಯೇ ಎಂದು ಎಣಿಸಿಯೇ ತೆಗೆದುಕೊಳ್ಳಿ.

ಮೇಜಿನ ಮೇಲೆ ಮಲಗಿಸಿ ಓದಬೇಡಿ. ಗೋಡೆಗೆ ಹೆಗಲೆತ್ತರದಲ್ಲಿ ತೂಗುಹಾಕಿ, ಅಂಗೈ ನಿಮ್ಮ ಕಡೆ ಇರಲಿ. ಬಲಗೈಯಾದರೆ ಹೆಬ್ಬೆರಳು ನಿಮ್ಮ ಎಡಕ್ಕೆ ಬರುತ್ತದೆ. ಎಲ್ಲ ಪದಗಳೂ ಈ ನಿಲುವಿಗೇ ಅನ್ವಯಿಸುತ್ತವೆ. ಕೈಯನ್ನು ತಲೆಯ ಮೇಲೆತ್ತಿದರೂ ಬೆರಳ ತುದಿ ಡಿಸ್ಟಲ್ ಆಗಿಯೇ ಉಳಿಯುತ್ತದೆ, ಏಕೆಂದರೆ ಲೆಕ್ಕ ಕೈಯ ಬುಡದಿಂದ. ಕಾಫಿ ರೆಂಬೆಯಲ್ಲೂ ಹೀಗೆಯೇ: ರೆಂಬೆ ಬಾಗಲಿ, ಏಳಲಿ, ಕಾಂಡದ ಹತ್ತಿರದ ಗೊನೆ ಹತ್ತಿರದ್ದೇ.

ನಮ್ಮ ಮಾತೇ ಕೆಲವು ಕಡೆ ದಾರಿ ತಪ್ಪಿಸುತ್ತದೆ. 'ಮುಂಗೈ' ಎಂದರೆ ಕೈಯ ಮುಂಬದಿಯಲ್ಲ, ಮೊಣಕೈಯಿಂದ ಮಣಿಕಟ್ಟಿನವರೆಗಿನ ಇಡೀ ಭಾಗ. ಅದಕ್ಕೂ ಆಂಟೀರಿಯರ್ (ಮುಂದಿನ), ಪೋಸ್ಟೀರಿಯರ್ (ಹಿಂದಿನ) ಎರಡೂ ಬದಿ ಇವೆ. 'ಒಳಗೆ' ಎಂಬುದು ಇನ್ನೂ ಕಷ್ಟ: ಮೈಯ ನಡುಗೆರೆಯ ಕಡೆಗಿದ್ದರೆ ಮೀಡಿಯಲ್, ಚರ್ಮದ ಅಡಿಯ ಆಳದಲ್ಲಿದ್ದರೆ ಡೀಪ್. ಎರಡಕ್ಕೂ ಒಂದೇ ಪದ ಬಳಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ.

ಮಾದರಿಯ ಗುಣ ತಿಳಿಯಲು ಒಂದೇ ಪರೀಕ್ಷೆ ಸಾಕು. ಮುಂಗೈಯಲ್ಲಿ ಎರಡು ಎಲುಬು: ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಅಂಗೈಯನ್ನು ಹಿಂದಕ್ಕೆ ತಿರುಗಿಸಿ. ಒಳ್ಳೆಯದಾದರೆ ರೇಡಿಯಸ್‌ನ ಕೆಳತುದಿ ಅಲ್ನಾದ ಮುಂದಿನಿಂದ ಹಾಯ್ದು ಮೀಡಿಯಲ್ ಕಡೆಗೆ ಸಾಗುತ್ತದೆ, ಮೇಲಿನ ತಲೆ (ಎಲುಬಿನ ಗುಂಡುತುದಿ) ಇದ್ದಲ್ಲೇ ಸುತ್ತುತ್ತದೆ. ಹಾಗಿದ್ದರೂ ಅಂಗೈ ಮುಂದಿರುವ ನಿಲುವಿನ ಲೆಕ್ಕದಿಂದ ರೇಡಿಯಸ್ಸನ್ನು ಲ್ಯಾಟರಲ್ ಎಲುಬೆಂದೇ ಕರೆಯುತ್ತಾರೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಎರಡೂ ಎಲುಬನ್ನು ತಂತಿಯಿಂದ ಬಿಗಿದ ಅಗ್ಗದ ಮಾದರಿಯಲ್ಲಿ ಇದು ಸಾಧ್ಯವೇ ಇಲ್ಲ. ಅದನ್ನು ಬಿಟ್ಟುಬಿಡಿ. ತಲೆಗಳನ್ನೂ ನೋಡಿ: ರೇಡಿಯಸ್‌ನದು ಮೊಣಕೈ ಬಳಿ, ಅಲ್ನಾದ್ದು ಮಣಿಕಟ್ಟಿನ ಬಳಿ. ನಿಮ್ಮ ಮಣಿಕಟ್ಟಿನ ಹಿಂಬದಿಯಲ್ಲಿ ಕಿರುಬೆರಳ ಕಡೆ ಉಬ್ಬಿರುವ ಗುಂಡು ಅದೇ.

ಬರೀ ಎಲುಬಿನಲ್ಲಿ ಸೂಪರ್ಫಿಷಿಯಲ್ (ಚರ್ಮಕ್ಕೆ ಹತ್ತಿರ), ಡೀಪ್ ತೋರಿಸಲಾಗದು, ಇದು ನಿಜವಾದ ಕೊರತೆ. ಉಲ್ಲನ್ ನೂಲಿನಿಂದ ನೀಗಿಸಿಕೊಳ್ಳಬಹುದು. ಮೊಣಕೈಯ ಮುಂದೆ ಲ್ಯಾಟರಲ್‌ನಿಂದ ಮೀಡಿಯಲ್ ಕಡೆಗೆ ಕ್ರಮವಾಗಿ ಬಿಳಿ (ಬೈಸೆಪ್ಸ್ ಸ್ನಾಯುರಜ್ಜು), ಕೆಂಪು (ಬ್ರೇಕಿಯಲ್ ಅಪಧಮನಿ), ಹಳದಿ (ಮೀಡಿಯನ್ ನರ) ನೂಲು ಇಳಿಬಿಡಿ. ಬಿಳಿ ನೂಲಿನಿಂದ ಮೀಡಿಯಲ್ ಕಡೆಗೆ, ಕೆಂಪು ಹಳದಿಗಳ ಮೇಲೆ ಬರುವಂತೆ ಬೆರಳಗಲದ ಬಟ್ಟೆಪಟ್ಟಿ ಹಾಸಿ, ಅದು ಬೈಸೆಪ್ಸ್‌ನದೇ ತೆಳುಹಾಳೆ. ಅದರ ಮೇಲೆ ಓರೆಯಾಗಿ ನೀಲಿ ನೂಲು, ರಕ್ತ ತೆಗೆಯುವ ಮೀಡಿಯನ್ ಕ್ಯುಬಿಟಲ್ ಅಭಿಧಮನಿ. ಸೂಜಿ ಆಳಕ್ಕೆ ಹೋದರೆ ಏನನ್ನು ತಗುಲಬಹುದು, ನಡುವೆ ತಡೆಯುವುದು ಯಾವುದು ಎಂದು ನರ್ಸಿಂಗ್ ವಿದ್ಯಾರ್ಥಿಗೆ ಇಲ್ಲಿ ಮನದಟ್ಟಾಗುತ್ತದೆ. ಸ್ನಾಯುಗಳಿರುವ ಬಣ್ಣದ ಮಾದರಿಗೆ ಹೆಚ್ಚು ದುಡ್ಡು ಸುರಿಯುವುದಕ್ಕಿಂತ ಇದು ಮೇಲು, ಕೈಯಾರೆ ಹಾಸಿದ ಪದರ ಮರೆಯುವುದಿಲ್ಲ.

ಕೊಡಗಿನಲ್ಲಿ ಇನ್ನೊಂದು ಎಚ್ಚರ ಬೇಕು. ಜೂನ್‌ನಿಂದ ಶುರುವಾಗುವ ಮಳೆಗೆ ಪಿವಿಸಿ ಜಗ್ಗುವುದಿಲ್ಲ, ಒಳಗಿನ ಕಬ್ಬಿಣದ ಸ್ಕ್ರೂ, ಸ್ಪ್ರಿಂಗ್ ತುಕ್ಕು ಹಿಡಿಯುತ್ತವೆ, ಎಲುಬಿನ ಮೇಲೆ ಕಂದು ಕಲೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಇರುವುದನ್ನೇ ಕೇಳಿ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು ಖಚಿತ, ಗಾಳಿಯಾಡುವ ಕಡೆ ತೂಗಿಬಿಡಿ. ಒರೆಸಲು ಒಣಬಟ್ಟೆ ಸಾಕು. ಥಿನ್ನರ್ ಹಚ್ಚಿದರೆ ಸ್ನಾಯು ಅಂಟುವ ಜಾಗ ತೋರಿಸುವ ಕೆಂಪು, ನೀಲಿ ಬಣ್ಣ ಅಳಿಸಿಹೋಗುತ್ತದೆ. ಮೊಣಕೈಯ ಎಲಾಸ್ಟಿಕ್ ಸಡಿಲವಾದಾಗ ರೇಡಿಯಸ್‌ನ ತಲೆ ಜಾರಿ ಕೆಳಗಿಳಿದಂತೆ ಕಾಣುತ್ತದೆ. ಅದೇ ದಪ್ಪದ ಹೊಸ ಎಲಾಸ್ಟಿಕ್ ದಾರ ಪೋಣಿಸಿ ಗಂಟು ಹಾಕಿದರೆ ಸರಿಹೋಗುತ್ತದೆ.