ಬಳ್ಳಾರಿಯಿಂದ ವೈನ್ ಟೂರ್‌ಗೆ ಹೋಗೋರೇ, ವಾಪಸ್ ಬರೋ ದಾರಿ ನೋಡ್ಕೊಳ್ರಿ

ಬಳ್ಳಾರಿ, ಸಿರುಗುಪ್ಪ ಕಡೆಯೋರು ಯಾರಾದ್ರೂ "ಒಂದೇ ದಿನ ವೈನ್ ತೋಟ, ವಿಮಾನದ ಮ್ಯೂಸಿಯಂ" ಅನ್ನೋ ಪ್ಯಾಕೇಜ್‌ಗೆ ದುಡ್ಡು ಕಟ್ಟೋಕ್ ಮುಂಚೆ ಇದನ್ನ ಓದ್ರಿ. ಫೆಬ್ರುವರೀಲಿ ನಮಗಾಗಿದ್ದು ಇನ್ನೊಬ್ರಿಗೆ ಆಗೋದು ಬೇಡ.

ನನ್ನ ಮಗನಿಗೆ ಒಂಬತ್ತು ವರ್ಷ, ವಿಮಾನ ಅಂದ್ರೆ ಪ್ರಾಣ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ತೋರಿಸ್ತೀನಿ ಅಂತ ದಸರಾದಿಂದ ಹೇಳ್ತಾ ಬಂದಿದ್ದೆ. ನಮ್ಮ ಭಾವನಿಗೆ ದೊಡ್ಡಬಳ್ಳಾಪುರ ಕಡೆ ವೈನರಿ ನೋಡೋ ಆಸೆ. ಊರಲ್ಲಿರೋ ಒಬ್ಬ ಟ್ರಾವೆಲ್ಸ್ ಏಜೆಂಟ್ ಎರಡೂ ಸೇರಿಸಿ ಬುಕ್ ಮಾಡಿಕೊಟ್ಟ, ಗಾಡಿ ನಮ್ದೇ. ಬಾಟ್ಲಿ ತರ್ಬಹುದಾ ಅಂತ ಭಾವ ಕೇಳಿದ್ದಕ್ಕೆ "ಬಿಲ್ ಇದ್ರೆ ಸಾಕು ಸಾರ್, ಯಾರೂ ಕೇಳಲ್ಲ" ಅಂದ. ಆ ಮಾತನ್ನ ನಂಬಿದ್ದೇ ತಪ್ಪು.

ಬೆಳಗಿನ ಜಾವ ನಾಲ್ಕಕ್ಕೆ ಅವ್ವನ್ನೂ ಕರ್ಕೊಂಡು ಹೊರಟ್ವಿ, ಉರವಕೊಂಡ, ಅನಂತಪುರ, ಪೆನುಕೊಂಡ ಮೇಲೆ. ವೈನರಿ ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಕೊಯ್ಲಿನ ಟೈಮು, ಗೊಂಚಲು ತುಂಬಿದ್ವು, ವೈನ್ ದ್ರಾಕ್ಷಿ ನಾವು ತಿನ್ನೋದರ ಹಂಗಲ್ಲ, ಸಣ್ಣದು, ದಪ್ಪ ಸಿಪ್ಪೆ, ಒಳಗೆ ಬೀಜ. ಆಮೇಲೆ ಟೇಸ್ಟಿಂಗ್, ಐದು ಥರ, ಒಂದೊಂದು ಗುಟುಕು ಅಂತ ನಾನೂ ಭಾವನೂ ಇಬ್ರೂ ಕುಡಿದ್ವಿ, ಗಾಡಿ ಓಡ್ಸೋಕೆ ಬರೋದು ನಮ್ಮಿಬ್ರಿಗೇ ಅನ್ನೋದು ಆಮೇಲೆ ತಲೆಗೆ ಬಂತು. ವೈನಲ್ಲಿ 12–14 ಪರ್ಸೆಂಟ್ ಆಲ್ಕೋಹಾಲ್ ಇರುತ್ತೆ, 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದ್ರೆ ಕೇಸು, ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. ಹಿಂದಿನ ಸೀಟಲ್ಲಿ ಮಗು ಕೂರಿಸ್ಕೊಂಡು ಹಂಗೆ ಓಡ್ಸೋಕೆ ಮನಸ್ಸು ಬರ್ಲಿಲ್ಲ, ಎರಡೂವರೆ ತನಕ ಮರದ ಕೆಳಗೆ ಕೂತ್ವಿ.

ಹೆಬ್ಬಾಳದ ಟ್ರಾಫಿಕ್ ದಾಟಿ ಹಳೇ ಏರ್‌ಪೋರ್ಟ್ ರೋಡ್ ಮುಟ್ಟೋ ಹೊತ್ತಿಗೆ ಮ್ಯೂಸಿಯಂ ಮುಚ್ಚೋಕೆ ಅರ್ಧ ಗಂಟೆ. ಮಾರುತ್ ಮುಂದೆ ಮಗ ನಿಂತ, 1961ರಲ್ಲಿ ಮೊದಲ ಸಲ ಹಾರಿದ ನಮ್ಮ ದೇಶದ್ದೇ ಫೈಟರ್ ಜೆಟ್, ಇದೇ ಬೆಂಗಳೂರಲ್ಲಿ ಕರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಇಂಜಿನಿಯರ್ ಜೊತೆ ಸೇರಿ ನಮ್ಮೋರು ಮಾಡಿದ್ದು. ಅಲ್ಲಿನ ಬೋರ್ಡ್ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದ್ತಿದ್ದ, ಅರ್ಧಕ್ಕೇ ಬಂದಿದ್ದ, ಸೀಟಿ ಊದಿದ್ರು. "ಅಪ್ಪಾ, ಇಂಜಿನ್ ನೋಡ್ಲೇ ಇಲ್ಲ" ಅಂದ. ಅದೊಂದು ಮಾತು ನನಗೆ ಈಗಲೂ ಚುಚ್ಚುತ್ತೆ.

ಇಷ್ಟಕ್ಕೇ ಮುಗಿದಿದ್ರೆ ನಾನು ಬರೀತಾನೇ ಇರ್ಲಿಲ್ಲ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ರ ರಾತ್ರಿ ಒಂಬತ್ತೂವರೆಗೆ ಡಿಕ್ಕಿ ತೆಗೆಸಿದ್ರು. ಆರು ಬಾಟ್ಲಿ. ಬಿಲ್ ತೋರಿಸಿದ್ವಿ, ಅದು ಕರ್ನಾಟಕದ ಬಿಲ್ಲು, ಇದು ಆಂಧ್ರ, ಪರ್ಮಿಟ್ ಎಲ್ಲಿ ಅಂದ್ರು. ಬಾನೆಟ್ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೆದ್ರು, ಪಕ್ಕದಲ್ಲಿ ಭಾವನ್ನ ನಿಲ್ಲಿಸಿ. ಅವ್ವನಿಗೆ ಶುಗರ್ ಐತೆ, ಊಟ ಇಲ್ಲ, ಗಾಡೀಲೇ ನಡುಗ್ತಾ ಕೂತಿದ್ಲು, ನನ್ನ ಹೆಂಡತಿ ಬ್ಯಾಗಲ್ಲಿದ್ದ ಬಿಸ್ಕತ್ತು ತಿನ್ನಿಸಿದ್ಲು. ಕೇಸ್ ಬರೆದು ಸ್ಟೇಶನ್ ಬೇಲ್ ಮೇಲೆ ಬಿಡೋ ಹೊತ್ತಿಗೆ ಒಂದೂವರೆ. ಗಾಡಿ ಹಿಡಿದಿಟ್ಟುಕೊಳ್ಳಲಿಲ್ಲ, ಅದೇ ಪುಣ್ಯ. ಮರುದಿನ ಏಜೆಂಟ್‌ಗೆ ಫೋನ್ ಮಾಡಿದ್ರೆ "ಆಂಧ್ರ ಮೇಲೆ ಹೋಗಿ ಅಂತ ನಾನ್ ಹೇಳಿದ್ನಾ" ಅಂತಾನೆ. ಬಳ್ಳಾರಿಯೋರು ಬೇರೆ ಯಾವ ಕಡೆ ಹೋಗ್ತಾರ್ರಿ?

ಇನ್ನೊಂದು ಮಾತು, ಹಿರಿಯೂರು–ಚಳ್ಳಕೆರೆ ರಸ್ತೆ ಪೂರ್ತಿ ನಮ್ಮದೇ ಅಂದ್ಕೋಬ್ಯಾಡ್ರಿ, ರಾಂಪುರ ಬಿಟ್ಟ ಮೇಲೆ ಡಿ.ಹಿರೇಹಾಳ್ ಹತ್ರ ಕೆಲವು ಕಿಲೋಮೀಟರ್ ಅದೂ ಆಂಧ್ರಾನೇ. ಆಂಧ್ರ ಮುಟ್ಟದೆ ಬರ್ಬೇಕಂದ್ರೆ ಚಿತ್ರದುರ್ಗ, ಕೂಡ್ಲಿಗಿ, ಹೊಸಪೇಟೆ ಸುತ್ತಿ ಬರ್ಬೇಕು. ಇಲ್ಲಾಂದ್ರೆ ಬಾಟ್ಲೀನೇ ತರಬ್ಯಾಡ್ರಿ. ಮಕ್ಕಳಿದ್ರೆ ಬೆಳಿಗ್ಗೆ ಮ್ಯೂಸಿಯಂ ಮೊದಲು, ವೈನರಿ ಆಮೇಲೆ, ಅದೂ ಕುಡಿಯದೆ ಗಾಡಿ ಓಡ್ಸೋರೊಬ್ರು ಜೊತೆಗಿದ್ರೆ ಮಾತ್ರ.

ನಾನು ಹಂಪಿ ಎಕ್ಸ್‌ಪ್ರೆಸ್‌ಗೆ ಎರಡು ಟಿಕೆಟ್ ಮಾಡ್ಸೀನಿ, ನನಗೂ ಮಗನಿಗೂ. ಈ ಸಲ ಮ್ಯೂಸಿಯಂ ಒಂದೇ, ಗೇಟ್ ತೆಗೆಯೋ ಹೊತ್ತಿಗೇ ಅಲ್ಲಿರ್ತೀವಿ, ಇಂಜಿನ್‌ಗಳಿಂದಾನೇ ಶುರು.