ಎಣ್ಣೆಗಿಂತ ಮೊದಲು ಮಾತ್ರೆ ಕೇಳಿದರು: ಶಿವಮೊಗ್ಗದ ಒಂದು ಆಯುರ್ವೇದ ಮಸಾಜ್ ಕೇಂದ್ರ

ಮನೆಯಲ್ಲಿ ಹಾರ್ಟ್ ತೊಂದರೆ ಇರುವ ಹಿರಿಯರಿದ್ದು, ಅವರಿಗೆ ಮಸಾಜ್ ಎಲ್ಲಿ ಮಾಡಿಸೋದು ಅಂತ ಹುಡುಕುತ್ತಿದ್ದರೆ ಇದನ್ನು ಓದಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಮಸಾಜ್ ಚೆನ್ನಾಗಿಯೇ ಇತ್ತು, ಆದರೆ ನಾಲ್ಕು ಸ್ಟಾರ್ ಸಿಕ್ಕಿದ್ದು ಮೊದಲ ಸಲ ಮಸಾಜ್ ಮಾಡದೆ ವಾಪಸ್ ಕಳಿಸಿದ್ದಕ್ಕೆ. ಹೆಸರು ಬೇಕಂತಲೇ ಹಾಕಿಲ್ಲ, ಯಾಕಂದ್ರೆ ಕೆಳಗೆ ಬೈಗುಳವೂ ಇದೆ. ಪೇಟೆಯೊಳಗಿನ ಜಾಗ, ಬಿಎಎಂಎಸ್ (ಆಯುರ್ವೇದದ ಡಿಗ್ರಿ) ಓದಿದ ಡಾಕ್ಟರು ಕೂರುತ್ತಾರೆ, ಅಷ್ಟು ಸಾಕು.

ಕರೆದುಕೊಂಡು ಹೋಗಿದ್ದು ನಮ್ಮ ದೊಡ್ಡಪ್ಪನನ್ನು. ತೀರ್ಥಹಳ್ಳಿ ಕಡೆ ತೋಟ. ಕಳೆದ ವರ್ಷ ಎದೆನೋವು ಬಂದು, ಹಾರ್ಟ್‌ನ ರಕ್ತನಾಳ ಮುಚ್ಚದಂತೆ ಹಿಡಿಯುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿಸಿದ್ದಾಯಿತು. ಸೊಂಟ ನೋವು, ಮಂಡಿ ನೋವು ಅದಕ್ಕೂ ಹಳೇದು. ಶನಿವಾರ ಬಂತೆಂದರೆ ಮೈಗೆಲ್ಲ ಎಣ್ಣೆ ತಿಕ್ಕಿಕೊಂಡು ಬಚ್ಚಲಲ್ಲಿ ಹಂಡೆ ಖಾಲಿ ಮಾಡಿ ಬರುವವರು ಅವರು. ಹಾಗಾಗಿ "ಎಣ್ಣೆ ಹಚ್ಚಿಸಿಕೊಳ್ಳಕ್ಕೆ ಡಾಕ್ಟರ್ ಚೀಟಿ ಎಂಥಕ್ಕೆ ಮಾರಾಯ್ತಿ" ಅನ್ನೋದು ಅವರ ವಾದ. ನಮ್ಮ ಕಡೆ ಅರ್ಧ ಜನರ ವಾದವೂ ಅದೇ ಬಿಡಿ.

ಒಳಗೆ ಹೋದ ಕೂಡಲೇ ಡಾಕ್ಟರಮ್ಮ ಎಣ್ಣೆ ಮಾತೇ ಎತ್ತಲಿಲ್ಲ. "ಯಜಮಾನರೇ, ಮಾತ್ರೆ ತಂದಿದ್ದೀರಾ?" ಅಂದರು. ದೊಡ್ಡಪ್ಪ ಅಂಗಿ ಜೇಬಿನಿಂದ ಅಡಿಕೆ ಪೊಟ್ಟಣದ ಜೊತೆಗೆ ಮಾತ್ರೆ ಶೀಟುಗಳನ್ನೂ ತೆಗೆದು ಟೇಬಲ್ ಮೇಲೆ ಹಾಕಿದರು. ಅವರು ಒಂದೊಂದನ್ನೇ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ ಬರೆದುಕೊಂಡರು. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್, ಬಿಪಿದು ಒಂದು, ಕೊಲೆಸ್ಟ್ರಾಲ್‌ದು ಒಂದು. ಮೊದಲಿನ ಎರಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು. ಅವನ್ನು ತಗೊಳ್ಳುವವರಿಗೆ ಮೊಣಕೈ ಊರಿ ಜೋರಾಗಿ ಒತ್ತಿದರೆ ಚರ್ಮದ ಒಳಗೆ ರಕ್ತ ಇಳಿದು ನೀಲಿಗಟ್ಟಬಹುದು. ವಾರ್ಫರಿನ್, ಅಸಿಟ್ರೋಮ್ ಥರದ ಮಾತ್ರೆ ಇದ್ದರಂತೂ ಇನ್ನೂ ಜಾಸ್ತಿ ಹುಷಾರಾಗಿರಬೇಕಂತೆ. ಹಾಗಂತ ಮಸಾಜ್‌ಗೋಸ್ಕರ ಒಂದು ದಿನವೂ ಮಾತ್ರೆ ನಿಲ್ಲಿಸಬೇಡಿ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ಸ್ಟೆಂಟ್ ಹಾಕಿದ ಮೇಲೆ ತಾವಾಗೇ ಆ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು.

ಆಮೇಲೆ ಪಂಚೆ ಮಂಡಿವರೆಗೆ ಎತ್ತಿಸಿ, ಪಾದದ ಗಂಟಿನ ಮೇಲೆ ಮೂಳೆ ಇರುವ ಕಡೆ ಹೆಬ್ಬೆರಳಿಂದ ಒತ್ತಿ ಸ್ವಲ್ಪ ಹೊತ್ತು ಹಿಡಿದು ಬಿಟ್ಟರು. ಗುಳಿ ಹಾಗೇ ಉಳಿಯುತ್ತಾ ಅಂತ ನೋಡಿದ್ದು. ಉಳಿದರೆ ಕಾಲಲ್ಲಿ ನೀರು ತುಂಬಿದೆ ಅಂತ, ಹಾರ್ಟ್ ಸರಿಯಾಗಿ ಪಂಪ್ ಮಾಡುತ್ತಿಲ್ಲ ಅನ್ನುವುದಕ್ಕೆ ಅದೂ ಒಂದು ಗುರುತಾಗಿರಬಹುದು. ಅಂಥವರ ಕಾಲನ್ನು ಕೆಳಗಿಂದ ಮೇಲಕ್ಕೆ ನೀವಿದರೆ ಆ ನೀರೆಲ್ಲ ಮತ್ತೆ ರಕ್ತಕ್ಕೆ ಸೇರಿ, ಮೊದಲೇ ಸುಸ್ತಾದ ಹಾರ್ಟ್ ಮೇಲೆ ಇನ್ನಷ್ಟು ಭಾರ ಬೀಳಬಹುದು. "ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?" ಅಂತಲೂ ಕೇಳಿದರು. ದೊಡ್ಡಪ್ಪ ನಕ್ಕೇ ಬಿಟ್ಟರು. ಆದರೆ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುವವರು ದಿಂಬಿನ ಮೇಲೆ ದಿಂಬು ಇಟ್ಟುಕೊಂಡು ಮಲಗುತ್ತಾರೆ, ಅವರನ್ನು ಮಸಾಜ್ ಮಂಚದ ಮೇಲೆ ಮಟ್ಟಸವಾಗಿ ಮಲಗಿಸುವ ಹಾಗಿಲ್ಲ. ಎರಡೂ ಮೀನಖಂಡ ಮುಟ್ಟಿ ಹೋಲಿಸಿದರು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಇರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತಾಗಬಹುದು. ಹಾಗಿದ್ದವರು ಮಸಾಜ್ ಅಂಗಡಿ ಕಡೆ ತಲೆ ಹಾಕದೆ ಸೀದಾ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಆದ ಮೇಲೆ "ನಿಮ್ಮ ಹಾರ್ಟ್ ಡಾಕ್ಟರ್ ಹತ್ತಿರ ಎರಡು ಸಾಲು ಬರೆಸಿಕೊಂಡು ಬನ್ನಿ" ಅಂತ ಕಳಿಸಿದರು. ದುಡ್ಡು ತಗೊಳ್ಳಲಿಲ್ಲ. ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ಬಂದಿದ್ದ ದೊಡ್ಡಪ್ಪ ದಾರಿ ಪೂರ್ತಿ ಗೊಣಗಿದರು, ಮಂಡಗದ್ದೆಯಲ್ಲಿ ಚಾ ಕುಡಿಯುವಾಗಲೂ ಅದೇ ಮಾತು.

ಮುಂದಿನ ಸಲ ಚೀಟಿ ಇತ್ತು. ಹಗುರ ಮಸಾಜ್ ಆಗಬಹುದು, ಹಬೆ ಬೇಡ, ಗಟ್ಟಿಯಾಗಿ ಒತ್ತುವುದು ಬೇಡ, ಅಷ್ಟೇ. ಅದೇ ಪ್ರಕಾರ ಮಾಡಿದರು. ಮಂಚದ ತಲೆಕಡೆ ಎತ್ತರಿಸಿದ್ದರು. ಹೊಟ್ಟೆ ಮೇಲೆ ಮಲಗಿಸದೆ, ಬೆನ್ನಿಗೆ ಹಚ್ಚುವಾಗ ಮಗ್ಗುಲಾಗಿ ಮಲಗಿಸಿದರು. ಕತ್ತಿನ ಮುಂಭಾಗ, ಪಕ್ಕ ಮುಟ್ಟಲೇ ಇಲ್ಲ. ಅಲ್ಲಿ ಒತ್ತಿದರೆ ಕೆಲವರಿಗೆ ನಾಡಿ ಬಡಿತ, ಬಿಪಿ ಎರಡೂ ಒಮ್ಮೆಲೇ ಕುಸಿಯುತ್ತದೆ, ವಯಸ್ಸಾದವರ ಕತ್ತಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದ್ದರಂತೂ ಕೈ ಹಾಕಲೇಬಾರದು. ಮಸಾಜ್ ಮಾಡಿದ ಹುಡುಗ ನಡುನಡುವೆ "ಒತ್ತು ಜಾಸ್ತಿ ಆಯ್ತಾ ಅಜ್ಜ?" ಅಂತ ಕೇಳುತ್ತಿದ್ದ. ಮುಗಿದ ಮೇಲೆ ತಟ್ಟನೆ ಏಳಲು ಬಿಡಲಿಲ್ಲ. ಕಾಲು ಕೆಳಗೆ ಬಿಟ್ಟು ಕೂರಿಸಿ, ನೀರು ಕುಡಿಸಿ, ಆಮೇಲೆ ಕೈ ಹಿಡಿದು ಇಳಿಸಿದ.

ಇದನ್ನು ಯಾಕೆ ಇಷ್ಟು ಉದ್ದ ಹೇಳುತ್ತಿದ್ದೇನೆ ಅಂದರೆ, ಆಗುಂಬೆ ಕಡೆ ಒಂದು ಹೋಂಸ್ಟೇನಲ್ಲಿ ಉಲ್ಟಾ ನೋಡಿದ್ದೇನೆ. ಅಲ್ಲಿ ಒಂದೇ ಪ್ರಶ್ನೆ, ಅರ್ಧ ಗಂಟೆಯದಾ ಒಂದು ಗಂಟೆಯದಾ ಅಂತ. ನಮ್ಮ ಅತ್ತೆಗೆ ಬಿಪಿ ಮಾತ್ರೆ ಇದೆ. ಎಣ್ಣೆ ಹಚ್ಚಿ, ತಲೆ ಮಾತ್ರ ಹೊರಗಿರುವ ಮರದ ಹಬೆ ಪೆಟ್ಟಿಗೆಯಲ್ಲಿ ಕೂರಿಸಿದರು. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆಯೂ ಇಳಿಸಿರುತ್ತದೆ, ಎದ್ದು ನಿಂತರು, ಕಣ್ಣು ಕತ್ತಲೆ ಬಂದು ಹಾಗೇ ಗೋಡೆಗೆ ಒರಗಿ ಜಾರಿ ಕೂತರು. ಏನೂ ಆಗಲಿಲ್ಲ, ಪುಣ್ಯ. ಆಗಿದ್ದರೆ? ಜಡಿಮಳೆ, ಮೊಬೈಲ್‌ಗೆ ಸಿಗ್ನಲ್ ಇಲ್ಲ, 108ಕ್ಕೆ ಫೋನ್ ಹೋಗಬೇಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸುಮಾರು ತೊಂಬತ್ತು ಕಿಲೋಮೀಟರ್. "ಸ್ವಲ್ಪ ಪಿತ್ತ ಜಾಸ್ತಿ ಇರಬೇಕು" ಅಂದರು ಅಲ್ಲಿಯವರು!

ಈಗ ಬೈಗುಳ. ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಶಿವಮೊಗ್ಗದ ಕೇಂದ್ರದವರು ಒಪ್ಪಿಗೆ ಪತ್ರವನ್ನು ಪೂರ್ತಿ ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿಸಿದ್ದಾರೆ. ಬರುವವರಲ್ಲಿ ಮುಕ್ಕಾಲು ಪಾಲು ನಮ್ಮ ದೊಡ್ಡಪ್ಪನಂಥವರು. ಅದರಲ್ಲೂ ಕೊನೆಯ ಸಾಲು, ಏನೇ ಆದರೂ ಕೇಂದ್ರ ಜವಾಬ್ದಾರಿ ಅಲ್ಲ ಅಂತ. ಸಾರ್, ಅದು ಒಪ್ಪಿಗೆ ಅಲ್ಲ, ಕೈ ತೊಳೆದುಕೊಳ್ಳೋದು. ಏನು ಮಾಡುತ್ತಾರೆ, ಏನು ಅಪಾಯ, ಬೇಡ ಅಂದರೆ ಬೇರೆ ದಾರಿ ಏನು, ಇಷ್ಟು ತಿಳಿದು ಹೂಂ ಅಂದರೆ ಒಪ್ಪಿಗೆ. ಆಪರೇಷನ್‌ಗೆ ಸಂಬಂಧಪಟ್ಟ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯಲ್ಲ ಅಂತ. ಮಸಾಜ್‌ಗೂ ಅದೇ ನ್ಯಾಯ ಇರಬೇಕು ಅನ್ನೋದು ನನ್ನ ಮಾತು.

ಕಾಗದ ಹೇಗೇ ಇರಲಿ, ನಡೆದುಕೊಂಡಿದ್ದು ಮಾತ್ರ ಸರಿಯಾಗಿತ್ತು. ನಾನು ಪೆನ್ನು ತಗೊಂಡಾಗ ಡಾಕ್ಟರಮ್ಮ ತಡೆದು "ನೀವಲ್ಲಮ್ಮ, ಮೈ ಅವರದ್ದು, ಅವರೇ ಸಹಿ ಮಾಡಲಿ" ಅಂತ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದರು. ಮಸಾಜ್ ಮಧ್ಯೆ ಆ ಹುಡುಗ ಮಂಡಿಗೆ ಎಲೆ ಗಂಟಿನ ಶಾಖ ಕೊಟ್ಟರೆ ಒಳ್ಳೇದು ಅಂದಾಗಲೂ ತಾನೇ ಶುರು ಮಾಡಲಿಲ್ಲ. ಹೊರಗೆ ಹೋಗಿ ಡಾಕ್ಟರಮ್ಮನನ್ನು ಕರೆತಂದ, ಅವರು ದೊಡ್ಡಪ್ಪನನ್ನು ಮತ್ತೆ ಕೇಳಿದರು, ದೊಡ್ಡಪ್ಪ "ಇವತ್ತು ಬೇಡ" ಅಂದರು, ಅಲ್ಲಿಗೆ ಮುಗಿಯಿತು.

ಐದನೇ ಸ್ಟಾರ್ ಕಿತ್ತಿದ್ದು ಕೌಂಟರ್‌ಗೆ. ಅಲ್ಲಿ ಕೂತ ಹುಡುಗಿ ಎಲ್ಲರೆದುರು "ಹಾರ್ಟ್ ಪೇಷಂಟಾ? ಶುಗರ್ ಇದೆಯಾ?" ಅಂತ ಜೋರಾಗಿ ಕೇಳುತ್ತಾಳೆ. ಕಾಯುತ್ತಾ ಕೂತವರೆಲ್ಲ ಪೇಪರ್ ಇಳಿಸಿ ನೋಡಿದರು. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ (ಹಾರ್ಟ್ ಬಡಿತ ಸರಿಯಾಗಿಡುವ ಸಣ್ಣ ಯಂತ್ರ) ಹಾಕಿಸಿಕೊಂಡವರು, ಬೈಪಾಸ್ ಆಗಿ ಎದೆಮೂಳೆ ಇನ್ನೂ ಕೂಡುತ್ತಿರುವವರು ಹೋದರೆ, ಅದನ್ನು ಕೌಂಟರ್‌ನಲ್ಲಿ ಹೇಳಬೇಡಿ, ಒಳಗೆ ಡಾಕ್ಟರಿಗೆ ಹೇಳಿ. ಆದರೆ ಹೇಳದೆ ಮಾತ್ರ ಮಲಗಬೇಡಿ. ಪೇಸ್‌ಮೇಕರ್ ಇರುವ ಜಾಗದ ಮೇಲೆ ಒತ್ತುವಂತಿಲ್ಲ, ಮ್ಯಾಗ್ನೆಟ್ ಇರುವ ಮಸಾಜ್ ಮೆಷಿನ್ನೂ ದೂರ ಇರಬೇಕು.

ರೇಟು ಊರಿನ ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ. ಸ್ನಾನಕ್ಕೆ ಕಡಲೆಹಿಟ್ಟು ಕೊಡುತ್ತಾರೆ, ಬಿಸಿನೀರು ಮಾತ್ರ ಎರಡನೇ ಬಕೆಟ್‌ಗೆ ಉಗುರು ಬೆಚ್ಚಗೆ ಆಗಿರುತ್ತದೆ. ಮೊದಲೇ ಫೋನ್ ಮಾಡಿ, ಮಾತ್ರೆ ಶೀಟು, ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ಭಾನುವಾರ ಬೇಡ, ಕಾರು ನಿಲ್ಲಿಸಲು ಜಾಗ ಸಿಗಲ್ಲ.