ಕಣ್ಣಡಿ ಕಪ್ಪಿಗೆ ಲೇಬಲ್ ಇಲ್ಲದ ಕ್ರೀಮ್ ಹಚ್ಚಬೇಡಿ, ದಯವಿಟ್ಟು

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆಯವರು ಇದನ್ನು ಪೂರ್ತಿ ಓದಿ. "ಗಲ್ಫಿಂದ ಬಂದದ್ದು" ಅಂತ ಪುಟ್ಟ ಡಬ್ಬಿಯಲ್ಲಿ ಕ್ರೀಮ್ ಮಾರುತ್ತಾರಲ್ಲ, ಅದನ್ನು ಕಣ್ಣಿನ ಹತ್ತಿರ ಹಚ್ಚಬೇಡಿ. ಹಚ್ಚಲೇಬೇಡಿ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರೆದದ್ದು ಹಿಂದೆಮುಂದೆ ಆದರೆ ಬೇಸರ ಮಾಡಬೇಡಿ.

ತಂಗಿಯ ಮದುವೆ ಹತ್ತಿರ ಇತ್ತು. ಐಬ್ರೋ ಮಾಡಿಸಲು ಪಾರ್ಲರಿಗೆ ಹೋಗಿದ್ದೆ, ಅಷ್ಟೇ. ಕಣ್ಣಿನ ವಿಷಯ ನಾನು ಎತ್ತಿದ್ದೇ ಇಲ್ಲ. ಪಾರ್ಲರಿನವಳೇ ಕನ್ನಡಿ ಹಿಡಿದು, ಬೇರೆ ಗಿರಾಕಿಗಳ ಎದುರೇ, "ಅಕ್ಕಾ, ಕಣ್ಣಡಿ ಎಷ್ಟು ಕಪ್ಪು ನೋಡಿ, ಫೋಟೋದಲ್ಲಿ ಕಾಯಿಲೆಯವರ ಹಾಗೆ ಕಾಣ್ತೀರಿ" ಅಂದಳು. ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಕೂಡಲೇ ಡ್ರಾಯರಿಂದ ಡಬ್ಬಿ ಹೊರಗೆ ಬಂತು. 1,800 ರೂಪಾಯಿ. ಬಿಲ್ ಕೇಳಿದರೆ "ನಮ್ಮೊಳಗೆ ಎಂಥ ಬಿಲ್ ಅಕ್ಕಾ?"

ಮೊದಮೊದಲು ಬೆಳ್ಳಗಾದ ಹಾಗೆ ಕಂಡಿತು. ಆಮೇಲೆ ಉರಿ ಶುರುವಾಯಿತು. ವಾಟ್ಸಾಪಿನಲ್ಲಿ ಕೇಳಿದೆ. "ಉರಿದರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ." ಹೆದರಿ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಇನ್ನೂ ಜಾಸ್ತಿ! ಕೆಂಪಾಗಿ ಊದಿತು, ಸಣ್ಣ ಸಣ್ಣ ಗುಳ್ಳೆ ಎದ್ದವು. ಫೋಟೋ ಕಳಿಸಿದೆ. "ನಿಮ್ಮ ಸ್ಕಿನ್ ವೀಕ್ ಅಕ್ಕಾ, ಬೇರೆ ಯಾರಿಗೂ ಹೀಗೆ ಆಗಿಲ್ಲ." ಅದರ ಕೆಳಗೇ ಇನ್ನೊಂದು ಮೆಸೇಜು: "ಇದಕ್ಕೊಂದು ಸೀರಮ್ ಇದೆ, ನಿಮಗೆ ಕಮ್ಮಿ ಮಾಡಿ ಕೊಡ್ತೇನೆ." ನನ್ನ ಊದಿದ ಕಣ್ಣು ನೋಡಿ ಮತ್ತೆ ವ್ಯಾಪಾರ! ತಂಗಿಯ ಮದುವೆಯಲ್ಲಿ ನಾನು ಒಂದು ಫೋಟೋಕ್ಕೂ ನಿಲ್ಲಲಿಲ್ಲ.

ಕೊನೆಗೆ ಮಂಗಳೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಕಣ್ಣಡಿಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಎಳೆದು, ಕೈಗೆ ಕನ್ನಡಿ ಕೊಟ್ಟರು. ಎಳೆದಾಗ ಕಪ್ಪು ಹೆಚ್ಚುಕಮ್ಮಿ ಮಾಯ. ಬಿಟ್ಟ ಕೂಡಲೇ ವಾಪಸ್. "ಇದು ಬಣ್ಣ ಅಲ್ಲಮ್ಮ, ಕಣ್ಣಡಿ ತಗ್ಗಾಗಿದೆ, ಅದರ ನೆರಳು" ಅಂದರು. ನೆರಳು! ನೆರಳನ್ನು ಬಿಳಿ ಮಾಡುವ ಕ್ರೀಮ್ ಎಲ್ಲಾದರೂ ಇದೆಯಾ? ಆ ಕುರ್ಚಿಯಲ್ಲಿ ಕೂತು ನನಗೆ ಅಳುವೇ ಬಂತು.

ಎಳೆದರೂ ಕಂದು ಹಾಗೇ ಉಳಿದರೆ ಅದು ನಿಜವಾದ ಬಣ್ಣ. ಮನೆತನದಿಂದ ಬಂದಿರಬಹುದು, ಕಣ್ಣು ಉಜ್ಜಿ ಉಜ್ಜಿಯೂ ಬರಬಹುದು. ನೀಲಿ ಇನ್ನೂ ಎದ್ದು ಕಂಡರೆ ತೆಳು ಚರ್ಮದಡಿ ರಕ್ತನಾಳ ಕಾಣುತ್ತಿದೆ ಅಂತ. ನನಗೆ ತಗ್ಗಿನ ಜೊತೆ ಅಲರ್ಜಿಯೂ ಇತ್ತು. ಬೆಳಿಗ್ಗೆ ಎದ್ದರೆ ಸೀನು, ಕಣ್ಣು ತುರಿಕೆ. ಅದಕ್ಕೆ ಮದ್ದು ಕೊಟ್ಟರು. ರಕ್ತ ಕಮ್ಮಿ ಇದೆಯಾ ಅಂತಲೂ ಪರೀಕ್ಷೆ ಮಾಡಿಸಿದರು. ನಿದ್ದೆಗೆಟ್ಟರೆ ಹೆಚ್ಚು ಕಾಣುತ್ತದೆ ಹೌದು, ಆದರೆ ಎಲ್ಲರಿಗೂ ನಿದ್ದೆಯೇ ಕಾರಣ ಅಲ್ಲ.

ಡಬ್ಬಿ ನೋಡಿ ಡಾಕ್ಟರ ಮುಖ ಗಂಟಾಯಿತು. ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಒಳಗೆ ಏನಿದೆ ಅಂತಲೂ ಇಲ್ಲ. ನಿಲ್ಲಿಸಿದ ಮೇಲೆ ಹೀಗೆ ಕೆರಳುವುದು ಸ್ಟೀರಾಯ್ಡ್, ಅಂದರೆ ಊತ-ತುರಿಕೆ ತಗ್ಗಿಸುವ ಜೋರು ಮದ್ದು, ಇರುವ ಲಕ್ಷಣ ಅಂದರು. ಮೈಯಲ್ಲೇ ಅತಿ ತೆಳು ಚರ್ಮ ಕಣ್ಣಿನ ರೆಪ್ಪೆಯದ್ದು. ಅಲ್ಲಿ ಸ್ಟೀರಾಯ್ಡ್ ಹಚ್ಚುತ್ತಾ ಹೋದರೆ ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಒಳಗಿನ ಒತ್ತಡ ಏರಬಹುದು, ಪೊರೆಯೂ ಬರಬಹುದು. ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕಳಿಸಿದರು. ಅಲ್ಲಿ ಒತ್ತಡ ಸರಿ ಇತ್ತು, ದೇವರು ದೊಡ್ಡವನು.

ನಮ್ಮ ಕೇರಳದಲ್ಲೇ, 2023ರಲ್ಲಿ, ಮಲಪ್ಪುರಂನಲ್ಲಿ ಬಿಳಿಯಾಗುವ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದ ಸುದ್ದಿ ಓದಿದ್ದೀರಿ ಅಲ್ವಾ? ಅದರಲ್ಲಿ ಸಿಕ್ಕಿದ್ದು ಪಾದರಸ. ಅದೇ ವರ್ಷ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಅಂತ ಅಂಗಡಿಗಳನ್ನು ತಪಾಸಣೆಯೂ ಮಾಡಿತು. ಆದರೂ ಡ್ರಾಯರಿಂದ ಡಬ್ಬಿ ತೆಗೆದು ಮಾರುವವರಿಗೆ ಹೆದರಿಕೆ ಇಲ್ಲ.

ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರ: "ನಾನು ಒತ್ತಾಯ ಮಾಡಿದ್ದೇನಾ?" ಆಮೇಲೆ ಬ್ಲಾಕ್.

ಕಣ್ಣಡಿ ಕಪ್ಪಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಪಾರ್ಲರಿನವರ ಮಾತು ಕೇಳಬೇಡಿ. ಅಂಥ ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ ಬಿಸಾಡಬೇಡಿ. ನಾನು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುತ್ತಿದ್ದೇನೆ, ಡಬ್ಬಿ ಮತ್ತು ಅವಳ ಮೆಸೇಜುಗಳ ಸಮೇತ. ನೀವೂ ಕೊಡಿ.